ಮಾವನ ಮೂರನೆಯ ಹೆಂಡತಿ

ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಎದುರು, ಕಬ್ಬಿನ ಹಾಲಿನ ಗಾಡಿಯ ಮರೆಯಲ್ಲಿ ಕಳ್ಳನ ಹಾಗೆ ನಿಂತಿದ್ದೆ. ಮಗಳು ಮೊದಲ ಸಲ ಒಬ್ಬಳೇ ಕಾಲೇಜಿಗೆ ಹೊರಟಿದ್ದಳು. “ಅಪ್ಪಾ, ನೀನು ಬರ್ಬೇಡ” ಅಂದಿದ್ದಳು. ನಾನೇನು ಜೊತೆಗೆ ಬಂದಿರಲಿಲ್ಲ, ಸುಮ್ಮನೆ ನಿಂತಿದ್ದೆ, ಅಷ್ಟೇ. ಕೈಗೆ ಏನೋ ತಾಗಿತು. ಕಾಂಪೌಂಡಿನ ಬುಡದಲ್ಲಿ ಎಕ್ಕದ ಗಿಡ. ನೇರಳೆ ಹೂ, ಬೂದಿ ಬಳಿದಂಥ ಎಲೆ. ಮೊಗ್ಗೊಂದನ್ನು ಹಿಸುಕಿದೆ; ಟಪ್ ಎಂದಿತು. ಚಿಕ್ಕಂದಿನಲ್ಲಿ ನೀವೂ ಹಿಸುಕಿರುತ್ತೀರಿ.

ಮರಳುಗಾಡಿನಲ್ಲೂ ಹೂ ಬಿಡುವ ಗಿಡವಿದು. ನಮ್ಮ ಕಡೆ ಇದರ ಮರಳುಗಾಡೆಂದರೆ ಕೋರ್ಟಿನಲ್ಲಿ ಕೇಸಿರುವ ಖಾಲಿ ಸೈಟು. ತೊಂಬತ್ತರ ದಶಕದಲ್ಲಿ ಗರುಡಾಚಾರ್‌ಪಾಳ್ಯದ ರಾಗಿ ಹೊಲಗಳು ಸೈಟಾಗಿ, ಸೈಟುಗಳು ಮನೆಯಾಗುವ ನಡುವೆ ಒಂದಷ್ಟು ಕಾಲ ಎಕ್ಕವೇ ಆಳಿತು. ಮಧ್ಯಾಹ್ನದ ಬಿಸಿಲಿಗೆ ಕಾಯಿ ಒಡೆದು ರೇಷ್ಮೆಯಂಥ ಅರಳೆ ಬಯಲ ತುಂಬ ತೇಲುತ್ತಿತ್ತು. ಆ ಬಯಲಲ್ಲೇ ನನ್ನ ಸೋದರಮಾವ ಎಕ್ಕದ ಗಿಡವನ್ನು ಮದುವೆಯಾದದ್ದು.

ನಗಬೇಡಿ. ಇಬ್ಬರು ಹೆಂಡಿರನ್ನು ಕಳೆದುಕೊಂಡಿದ್ದ. ಮೂರನೆಯವಳು ಉಳಿಯುವುದಿಲ್ಲವೆಂಬ ನಂಬಿಕೆ. ಹಾಗಾಗಿ ಮೊದಲು ಗಿಡಕ್ಕೆ ತಾಳಿ ಕಟ್ಟಿಸಿ, ಸುನಂದತ್ತೆಯನ್ನು ನಾಲ್ಕನೆಯವಳಾಗಿ ತಂದರು. ಕೇಡೆಲ್ಲ ಗಿಡಕ್ಕೇ ಹೋಗಲೆಂದು ಅದನ್ನು ಕಡಿಯಬೇಕಿತ್ತು. ಮಚ್ಚು ಹಿಡಿದು ನಿಂತ ಮಾವ “ನನ್ ಕೈಲಾಗಲ್ಲ” ಎಂದು ಕೂತುಬಿಟ್ಟ.

ಅಂದಿನಿಂದ, ಕೇಡು ಯಾರ ಮೇಲೆ ಬೀಳುತ್ತದೋ ಎಂಬ ಹೆದರಿಕೆ ಅವನೊಳಗೆ ಹೊಕ್ಕಿತು. ಗಿಡಕ್ಕೆ ಸಂಜೆ ಸಂಜೆ ಬಿಂದಿಗೆ ನೀರು. ಅತ್ತೆ ಸೀನಿದರೆ ಡಾಕ್ಟರು. ಹಲಸೂರಿನ ತವರಿಗೂ ಒಬ್ಬಳನ್ನೇ ಕಳಿಸುತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ಗಿಡದ ಎಲೆ ಹಳದಿಯಾಗಿ ಉದುರತೊಡಗಿತು. ಈ ಮೂರನೆಯವಳೂ ಹೋಗುತ್ತಾಳೆಂದು ಮಾವ ಊಟ ಬಿಟ್ಟ, ಇನ್ನಷ್ಟು ನೀರು ಹೊತ್ತ.

ಒಂದು ಸಂಜೆ ಅತ್ತೆ ಅವನ ಕೈಯಿಂದ ಬಿಂದಿಗೆ ಕಿತ್ತುಕೊಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. “ಬುಡ ಕೊಳೀತಾ ಇದೆ ಕಣ್ರೀ. ಅವಳು ಒಣ ನೆಲದೋಳು, ಬಿಟ್ರೆ ಬದುಕ್ಕೋತಾಳೆ” ಎಂದಳು. ಆಮೇಲೆ ಮೆಲ್ಲಗೆ, “ನಾನೂ ಅಷ್ಟೇ.”

ಮರುದಿನ ಅತ್ತೆ ಒಬ್ಬಳೇ ಬಸ್ಸು ಹತ್ತಿ ಹಲಸೂರಿಗೆ ಹೋದಳು. ಅವಳು ಬರುವವರೆಗೂ ಮಾವ ಗಿಡದ ಪಕ್ಕ ಬರಿಗೈಯಲ್ಲಿ ಕೂತಿದ್ದ. ಬೇಸಿಗೆಗೆ ಗಿಡ ಚಿಗುರಿತು. ಅವನನ್ನು ನೆನೆದರೆ ಈಗಲೂ ನಗು ಬರುತ್ತದೆ.

ಬೆರಳಿಗೆ ಎಕ್ಕದ ಹಾಲು ಅಂಟಿತ್ತು. ಬಾಟಲಿ ತೆಗೆದು ಕೈ ತೊಳೆದುಕೊಂಡೆ. ಉಳಿದ ನೀರನ್ನು ಗಿಡದ ಬುಡಕ್ಕೆ ಸುರಿಯಹೋದವನು ತಡೆದು, ನಾನೇ ಕುಡಿದೆ. ಮಗಳ ಬಸ್ಸು ಇನ್ನೂ ಬಂದಿರಲಿಲ್ಲ. ಮನೆಯ ಕಡೆ ಹೊರಟೆ. ತಿರುಗಿ ನೋಡಬೇಕೆನ್ನಿಸಿತು. ನೋಡಲಿಲ್ಲ.