ಎದ್ದವ್ವ ಎಂಬ ಹೆಸರು ಬಂದದ್ದು

"ಎದ್ದವ್ವನ ನಾಟಕ ಮತ್ತ ಯಾವಾಗ ಇಡ್ತೀರಿ?" ಎಂದು ಹಿಮಾಯತ್‌ನಗರದ ಮಿಠಾಯಿ ಅಂಗಡಿಯಲ್ಲಿ ಈಗಲೂ ಯಾರಾದರೂ ನನ್ನನ್ನು ತಡೆದು ಕೇಳುತ್ತಾರೆ. ನಾಟಕದ ಪ್ರತಿಯಲ್ಲಿ ಎದ್ದವ್ವ ಎಂಬ ಪಾತ್ರವೇ ಇಲ್ಲ. ಅಲ್ಲಿರುವುದು ಬರೀ 'ತಾಯಿ'. ಮಗಳಿಗೆಂದು ಇಟ್ಟ ವಿಷದ ಹಾಲನ್ನು ತಾನು ಕುಡಿದು, ಒಂದು ಪದ ಹಾಡಿ ಸಾಯುತ್ತಾಳೆ. ಅವಳಿಗೆ ಆ ಅಡ್ಡಹೆಸರು ಬರಲು ಕಾರಣ ನಾನು. ಹೆಮ್ಮೆಯಿಂದ ಹೇಳುತ್ತಿಲ್ಲ.

ಬಾಲಾನಗರದ ಕಾರ್ಖಾನೆಯಲ್ಲಿ ನನ್ನ ನೌಕರಿ. ರಜೆಯ ದಿನ ನಮ್ಮ ಸಂಗೀತ ನಾಟಕದ ತಂಡಕ್ಕೆ ಹಾರ್ಮೋನಿಯಂ, ನಮ್ಮ ಮಾತಿನಲ್ಲಿ ಪೇಟಿ, ನುಡಿಸುತ್ತಿದ್ದೆ. ತಾಯಿಯ ಪಾತ್ರ ನನ್ನ ಸ್ವಂತ ಅಕ್ಕನದು. ಕುಷಾಯಿಗೂಡದಲ್ಲಿ ನಮ್ಮ ಜೊತೆಗೇ ಇದ್ದವಳು. ಹಳೆಯ ನಾಟಕ ಕಂಪನಿಗಳ ಕಟ್ಟಳೆ ನಮ್ಮಲ್ಲೂ ಇತ್ತು: ಜನ 'ಒನ್ಸ್ ಮೋರ್' ಎಂದು ಕೂಗಿ, ಪೇಟಿಯವನು ಸುರ ಕೊಟ್ಟರೆ ಪಾತ್ರಧಾರಿ ಆ ಪದವನ್ನು ಮತ್ತೆ ಹಾಡಲೇಬೇಕು. ಪೇಟಿ ಸುಮ್ಮನಿದ್ದರೆ ನಾಟಕ ಮುಂದೆ ಸಾಗುತ್ತದೆ.

ಊರಿಗೆ ಕಂಪ್ಯೂಟರ್ ಕಂಪನಿಗಳು ಒಂದರ ಹಿಂದೊಂದು ಬರುತ್ತಿದ್ದ ಕಾಲ. ಒಂದು ಭಾನುವಾರ ಮಧ್ಯಾಹ್ನದ ಆಟಕ್ಕೆ ಮುಂದಿನ ಸಾಲುಗಳಲ್ಲಿ ಗಾಜಿನ ಕಟ್ಟಡ ಕಟ್ಟಲು ಕಲಬುರಗಿ ಕಡೆಯಿಂದ ಬಂದ ಕೂಲಿಯವರು, ಹಿಂದಿನ ಸಾಲುಗಳಲ್ಲಿ ಅಂಥವೇ ಕಟ್ಟಡಗಳಲ್ಲಿ ಕೂತು ಕೆಲಸ ಮಾಡುವ ಹುಡುಗರು. ಅಕ್ಕ ಹಾಡಿ, ಬಿದ್ದು, ಸತ್ತಳು. ಹುಡುಗರು ಒನ್ಸ್ ಮೋರ್ ಎಂದು ಸೀಟಿ ಹೊಡೆದರು. ಸತ್ತ ಪಾತ್ರವನ್ನು ಎಬ್ಬಿಸಿದ್ದು ನಮ್ಮ ತಂಡದಲ್ಲಿ ಅದುವರೆಗೆ ಇರಲಿಲ್ಲ. ಚಪ್ಪಾಳೆ ನನ್ನ ತಲೆಗೇರಿತ್ತು. ಸುರ ಕೊಟ್ಟೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ಅಕ್ಕ ಕೈ ಊರದೆ, ನಿಧಾನವಾಗಿ, ಸೊಂಟದಿಂದ ಮೇಲೆ ನೆಟ್ಟಗೆ ಎದ್ದು ಕೂತಳು. ಕಣ್ಣು ತೆರೆದಿದ್ದವು, ರೆಪ್ಪೆ ಬಡಿಯಲಿಲ್ಲ. ಅದೇ ಪದ, ಅದೇ ಗಂಟಲು, ಆದರೆ ನಡುವೆ ಎಲ್ಲೂ ಉಸಿರು ಎಳೆದುಕೊಂಡದ್ದು ನನಗೆ ಕೇಳಲಿಲ್ಲ. ಸೀಟಿ ನಿಂತು ಫ್ಯಾನಿನ ಸದ್ದಷ್ಟೇ ಉಳಿಯಿತು. ಮುಂದಿನ ಸಾಲಿನ ಕೂಲಿ ಹೆಂಗಸೊಬ್ಬಳು ಮಗುವಿನ ಕಣ್ಣು ಮುಚ್ಚಿ ಚೀರಿದಳು: "ಸತ್ತಾಕಿ ಎದ್ದಾಳ! ಎದ್ದವ್ವಾ, ಮಲಕೋ ತಾಯಿ, ಮಲಕೋ!"

ಆ ಹೆಸರು ಅವತ್ತೇ ಊರ ಬಾಯಿಗೆ ಬಿತ್ತು.

ಆಟ ಮುಗಿದ ಮೇಲೆ ಅಕ್ಕ ಬಣ್ಣ ಒರೆಸಿಕೊಳ್ಳುತ್ತ ಹೇಳಿದಳು, "ಬಿದ್ದದ್ದಷ್ಟ ನೆನಪೈತಿ. ಆಮ್ಯಾಲ ಬರೇ ಕತ್ತಲಿ. ನಿನ್ನ ಪೇಟಿ ಸುರ ಬಂದು ಎಳೀತು. ಮತ್ತ ಎಬ್ಬಿಸಬ್ಯಾಡೋ ತಮ್ಮಾ."

"ನಾಟಕ ನನ್ನ ಮುಂದ ಮಾಡಬ್ಯಾಡ," ಎಂದು ನಕ್ಕೆ. ನನ್ನಂಥ ಗಮಾರ ಇನ್ನೊಬ್ಬನಿಲ್ಲ.

ಅಲ್ಲಿಂದ ಜನ ಬಂದದ್ದೇ ಎದ್ದವ್ವನನ್ನು ನೋಡಲು. ಹುಡುಗರು ಕ್ಯಾಮೆರಾ ತಂದರು. ನಾನು ಪ್ರತಿ ಆಟದಲ್ಲೂ ಎಬ್ಬಿಸಿದೆ. ಪ್ರತಿ ಸಲ ಅವಳು ಏಳುವುದು ಇನ್ನಷ್ಟು ತಡವಾಗುತ್ತಿತ್ತು. ಕೊನೆಯ ಆಟದಲ್ಲಿ ಸುರ ಹಿಡಿದು ನಲವತ್ತು ಎಣಿಸಿದೆ. ಎದ್ದವಳು ನನ್ನ ಕಡೆಗೇ ತಿರುಗಿ ಹಾಡಿದಳು, ನಾನು ಯಾರೆಂದು ಅವಳಿಗೆ ಗೊತ್ತಿದ್ದಂತಿರಲಿಲ್ಲ. ಹೆದರಿ ಪೇಟಿಯಿಂದ ಕೈ ತೆಗೆದೆ. ಪದದ ನಡುವೆಯೇ ಕುಸಿದಳು.

ಡಾಕ್ಟರು ಹೃದಯ ಸೋತಿದೆ ಎಂದರು. ಆ ಹಾಡು ಮುಗಿದಾಗಲೆಲ್ಲ ಅವಳಿಗೆ ನಿಜವಾಗಿಯೇ ಎಚ್ಚರ ತಪ್ಪುತ್ತಿದ್ದಿರಬೇಕು ಅಂದರು. ಮತ್ತೆ ಏಳುತ್ತಿದ್ದುದು ಹೇಗೆ ಎಂದು ಕೇಳಿದೆ. ಅವರು ಕಾಗದ ಮಡಚಿದರು.

"ನಾ ಹೋದ ದಿನಾ ಪೇಟಿ ಮುಟ್ಟಬ್ಯಾಡ," ಎಂದಳು ಅಕ್ಕ, ಹಾಸಿಗೆಯಲ್ಲಿ. "ಸುರ ಬಂದರ ನಾ ಹ್ಯಾಂಗ ಬಿದ್ದಿರಲಿ? ಭಾಳ ದಣದೀನೋ."

ಒಂದು ಬೆಳಿಗ್ಗೆ ಹೋದಳು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸಿ ಎದುರಿಗೆ ಭಜನೆ ಮಾಡುತ್ತಾರೆ. ಹೂವಿನೊಳಗೆ ಅಕ್ಕ ನೆಟ್ಟಗೆ ಕೂತಿದ್ದಳು, ಸೊಂಟದಿಂದ ಮೇಲೆ, ರಂಗದ ಮೇಲೆ ಕೂತಂತೆಯೇ. ಭಜನೆಯವರು ಪೇಟಿಯನ್ನು ನನ್ನ ಮುಂದೆ ಎಳೆದಿಟ್ಟರು. "ಅಕ್ಕಾವ್ರ ಪದಾ ಒಂದು ಬಾರಸ್ರಿ ಮಾಸ್ತರ."

ಬೆರಳು ಅದೇ ಸುರದ ಮೇಲೆ ಹೋಗಿ ಕೂತವು. ಅವಳು ಏಳಲಿ ಎಂದು ನನಗೆ ಬಹಳ ಆಸೆಯಾಯಿತು. ಒತ್ತಿದರೆ ಏಳುತ್ತಾಳೆ ಎಂದು ನನಗೆ ಖಾತ್ರಿಯಿತ್ತು.

ಪೇಟಿ ಮುಚ್ಚಿ ಕೊಂಡಿ ಹಾಕಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಮಲಕೋ ಅಕ್ಕಾ," ಅಂದೆ.