ಅವಳ ಹೊಟ್ಟೆಯೊಳಗಿನ ಮದ್ದು

ನಾನು ಬಡಿಸಿದ ಮುದ್ದೆಯಲ್ಲಿ ಒಂದು ತುತ್ತು ಮುರಿದು ನಾಯಿಗೆ ಹಾಕಿ, ಅದು ತಿಂದು ಬಾಲ ಅಲ್ಲಾಡಿಸುವವರೆಗೂ ನನ್ನ ಓರಗಿತ್ತಿ ತಟ್ಟೆ ಮುಟ್ಟದೆ ಕೂತಿರುತ್ತಿದ್ದಳು. ಮೊದಮೊದಲು ನಾಯಿಯ ಮೇಲಿನ ಅಕ್ಕರೆ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ನಾಯಿ ಎಲ್ಲಿಗೋ ಹೋಗಿತ್ತು. ಅವಳು ಉಣ್ಣಲೇ ಇಲ್ಲ. "ಹಸಿವಿಲ್ಲ ಕಣಕ್ಕ" ಅಂತ ತಟ್ಟೆ ಸರಿಸಿದಳು. ಆಗ ನನಗೆ ತಿಳಿಯಿತು.

ಇದು ಎಪ್ಪತ್ತರ ದಶಕದ ಮಾತು. ನಮ್ಮದು ಧರ್ಮಪುರದ ಹತ್ತಿರದ ಹಳ್ಳಿ. ಅಣ್ಣನಿಗೆ ನಾನು, ತಮ್ಮನಿಗೆ ಅವಳು. ಗಂಡಸರು ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆ, ಶೇಂಗಾ ಹೊಲ ಎಲ್ಲ ಅತ್ತೆ ಮತ್ತು ನಮ್ಮಿಬ್ಬರ ಮೇಲೆ. ಅವಳು ಮದುವೆಯಾಗಿ ಬಂದ ಮರುವರ್ಷವೇ ಅಪೆಂಡಿಕ್ಸ್ ಒಡೆದು ಹೊಟ್ಟೆ ಕೊಯ್ಯಿಸಿಕೊಂಡಿದ್ದಳು. ಜೀವ ಉಳಿಯಿತು, ಗಾಯ ಮಾತ್ರ ಮಾಯಲಿಲ್ಲ. ತವರಿಗೆ ಕರೆದುಕೊಂಡು ಹೋದ ಅವಳ ಅವ್ವ ಗಾಯದ ಮೇಲೆ ಸೊಪ್ಪು ಅರೆದು ಕಟ್ಟಿದಳು, ಬೂದಿ ಉದುರಿಸಿದಳು. ಕೀವು ಸೋರುತ್ತಲೇ ಇತ್ತು. ಹೊಲಿಗೆ ಬಿಚ್ಚಿಕೊಳ್ಳುತ್ತದೆಂದು ಮಗಳನ್ನು ಚಾಪೆ ಬಿಟ್ಟು ಏಳಲು ಬಿಡಲಿಲ್ಲ.

ಕೊನೆಗೂ ಗಾಯ ಒಣಗಿ ಅವಳು ನಮ್ಮ ಮನೆಗೆ ವಾಪಸು ಬಂದ ಮೇಲೆ ಹೊಸ ಕಾಟ ಶುರುವಾಯಿತು. ಇದ್ದಕ್ಕಿದ್ದಂತೆ ಹೊಟ್ಟೆ ನುಲಿಯುವುದು, ವಾಂತಿ, ಮರುದಿನ ತಾನೇ ಕಡಿಮೆಯಾಗುವುದು. ಹೆಚ್ಚಾಗಿ ಊಟವಾದ ಮೇಲೇ ಬರುತ್ತಿತ್ತು. ಅಡಿಗೆ ನನ್ನದು. ಅವಳ ಅವ್ವ ಲೆಕ್ಕ ಹಾಕಿದಳು: ಮದ್ದು ಹಾಕಿದ್ದಾರೆ. ಮದ್ದು ಅಂದರೆ ಅನ್ನದಲ್ಲಿ ಕಲಸಿ ಹಾಕುವ ಕೈವಿಷ. ಅದು ಹೊಟ್ಟೆಯಲ್ಲಿ ಕಚ್ಚಿಕೊಂಡು ಮನುಷ್ಯರನ್ನು ಒಣಗಿಸುತ್ತದೆ ಅಂತ ನಮ್ಮ ಕಡೆ ನಂಬಿಕೆ. ಆಂಧ್ರದ ಗಡಿಯಾಚೆ ಮದ್ದು ತೆಗೆಯುವವನೊಬ್ಬನಿದ್ದ, ಮಗಳನ್ನು ಅವನ ಹತ್ತಿರ ಕರೆದೊಯ್ದಳು. ಅವನು ಯಾವುದೋ ರಸ ಕುಡಿಸಿ ವಾಂತಿ ಮಾಡಿಸಿದನಂತೆ. ಬೋಗುಣಿಯಲ್ಲಿ ಕೂದಲು ಸುತ್ತಿದ ಕಪ್ಪು ಉಂಡೆ ಬಿತ್ತಂತೆ. ಯಾರು ಹಾಕಿದ್ದೆಂದು ಕೇಳಿದ್ದಕ್ಕೆ "ಇಂಟ್ಲೋ ಮನಿಷೇ" ಅಂದನಂತೆ. ಮನೆಯವರೇ. ಇನ್ನೂ ಒಂದಿಷ್ಟು ಒಳಗೇ ಉಳಿದಿದೆ ಅಂತಲೂ ಸೇರಿಸಿದ್ದ.

ಮನೆಯವರೇ ಅಂದರೆ ಯಾರು? ಯಾರೂ ನನ್ನ ಹೆಸರು ಎತ್ತಲಿಲ್ಲ. ಆದರೆ ಅತ್ತೆ ಮಜ್ಜಿಗೆ ಗಡಿಗೆಯನ್ನು ತಮ್ಮ ಕೋಣೆಗೆ ಸಾಗಿಸಿದರು. ಬಾವಿಯ ಹತ್ತಿರ ನಾನು ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಕುರಿ ಬಿಟ್ಟು ಎರಡು ದಿನಕ್ಕೆಂದು ಬಂದ ನನ್ನ ಗಂಡ ಹಗ್ಗ ಹೊಸೆಯುತ್ತಾ, ತಲೆ ಎತ್ತದೆ ಕೇಳಿದ: "ನೀನೇನೂ ಮಾಡಿಲ್ಲ ಅಲ್ವೇನೇ?"

"ಏನು ಮಾಡಿಲ್ಲ?" ಅಂದೆ.

"ಏನಿಲ್ಲ ಬಿಡು" ಅಂದ.

ಆ ರಾತ್ರಿಯಿಂದ ನಾನೂ ಎಲ್ಲರನ್ನೂ ಅನುಮಾನದಿಂದ ನೋಡತೊಡಗಿದೆ. ನನ್ನನ್ನು ಈ ಮನೆಯಿಂದ ಓಡಿಸಲು ಓರಗಿತ್ತಿಯೇ ನೋವಿನ ನಾಟಕ ಹೂಡಿದ್ದಾಳೋ ಏನೋ ಅನ್ನಿಸುತ್ತಿತ್ತು.

ನಾಟಕವಲ್ಲವೆಂದು ಗೊತ್ತಾದದ್ದು ಶೇಂಗಾ ಬಿಡಿಸುವ ಹೊತ್ತಿನಲ್ಲಿ. ಬಳ್ಳಿಯ ಗುಡ್ಡೆಯ ಮೇಲೇ ಅವಳು ಮುದುರಿ ಬಿದ್ದಳು. ಹಸಿರು ಹಸಿರಾಗಿ ಕಾರಿಕೊಂಡಳು. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಅವಳ ಅವ್ವ ಆಗ ನಮ್ಮಲ್ಲೇ ಇದ್ದಳು. "ಗಡಿ ಆಚೆ ಅವನತ್ರಾನೇ ಹೋಗಾಣ" ಅಂತ ಹಟ ಹಿಡಿದಳು. ನಾನು ಓರಗಿತ್ತಿಯನ್ನು ಎತ್ತಿ ನಿಲ್ಲಿಸಿ, "ದುರ್ಗದ ಆಸ್ಪತ್ರೆಗೇ ಹೋಗೋದು. ಬರಂಗಿದ್ರೆ ಬಾ ದೊಡ್ಡವ್ವ" ಅಂದೆ. ಅವಳು ಸತ್ತರೆ ಆ ಸಾವು ನನ್ನ ತಲೆಗೇ ಬರುತ್ತದೆ ಎಂಬ ಹೆದರಿಕೆಯೂ ಇತ್ತು, ಸುಳ್ಳು ಹೇಳುವುದಿಲ್ಲ.

ಹಿರಿಯೂರಿನಲ್ಲಿ ಬಸ್ಸು ಬದಲಿಸಿದೆವು. ಅವಳ ಅವ್ವ ಮಗಳ ಪಕ್ಕ ನನ್ನನ್ನು ಕೂರಲು ಬಿಡಲಿಲ್ಲ. ನಾನು ದುರ್ಗದವರೆಗೂ ಕಂಬಿ ಹಿಡಿದು ನಿಂತೇ ಇದ್ದೆ.

ಆಸ್ಪತ್ರೆಯ ಸರ್ಜನ್ ನಡುವಯಸ್ಸಿನವರು. ಹಳೆಯ ಗಾಯದ ಗುರುತು ಮುಟ್ಟಿ ನೋಡಿದರು. ಗಾಳಿ ಹೋಗಿದೆಯಾ, ಭೇದಿಯಾಗಿದೆಯಾ ಅಂತ ಕೇಳಿದರು. ಕರುಳು ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಈಗಲೇ ಹೊಟ್ಟೆ ತೆರೆಯಬೇಕು ಅಂದರು.

ಅವಳ ಅವ್ವ ಕೈ ಮುಗಿದಳು. "ಮದ್ದು ಐತೆ ಸ್ವಾಮಿ ಒಳಗೆ. ತೆಗೀರಿ. ತೆಗೆದು ನನ್ ಕಣ್ಣಿಗೆ ತೋರ್ಸ್ರಿ." ಹೇಳುವಾಗ ನನ್ನ ಕಡೆಗೇ ನೋಡುತ್ತಿದ್ದಳು.

ಅವರು ನಗಲಿಲ್ಲ. "ಸಿಕ್ಕಿದ್ರೆ ತೋರಿಸ್ತೀನಿ" ಅಂತ ಒಳಗೆ ಹೋದರು.

ಹೊರಗೆ ಬೆಂಚಿನ ಮೇಲೆ ಆ ತುದಿಗೆ ಅವಳ ಅವ್ವ, ಈ ತುದಿಗೆ ನಾನು. ನನಗೆ ಒಂದು ವಿಚಿತ್ರ ಭಯ ಹತ್ತಿತು. ಒಳಗೆ ನಿಜಕ್ಕೂ ಏನಾದರೂ ಸಿಕ್ಕಿಬಿಟ್ಟರೆ? ನಾನು ಹಾಕಿಲ್ಲವೆಂದು ನನಗೆ ಗೊತ್ತು. ಬೇರೆ ಯಾರಾದರೂ ಹಾಕಿದ್ದರೆ?

ಸರ್ಜನ್ ಹೊರಗೆ ಬಂದು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದರು. "ಮದ್ದೂ ಇಲ್ಲ, ಗಿದ್ದೂ ಇಲ್ಲ. ಕುರಿ ಕೊಯ್ದಾಗ ಕರುಳು ನೋಡಿದ್ದೀರಲ್ಲ? ಹೆಂಗೆ ಜಾರುತ್ತೆ? ಮನುಷ್ಯರದ್ದೂ ಹಂಗೇ ಜಾರಬೇಕು. ಹಿಂದೆ ಅಪೆಂಡಿಕ್ಸ್ ಒಡೆದು ಒಳಗೆಲ್ಲ ಕೀವಾಗಿತ್ತು. ಅದು ಮಾಯುವಾಗ ಕರುಳು ಒಂದಕ್ಕೊಂದು ಅಂಟಿಕೊಂಡಿದೆ. ದಾರದ ಹಂಗೆ ಒಂದು ಪಟ್ಟಿ ಬೆಳೆದು ಕರುಳಿಗೆ ಉರುಳು ಬಿದ್ದಿತ್ತು. ಅದನ್ನ ಕತ್ತರಿಸಿದೆ. ಒಂದು ಗೇಣು ಕಪ್ಪಾಗಿತ್ತು, ತೆಗೆದು ಜೋಡಿಸಿದೀನಿ."

"ಮತ್ತೆ ಅಂಟ್ಕಳಲ್ವಾ?" ಅಂದೆ ನಾನು.

"ಅಂಟಿಕೊಳ್ಳೋದೇ ಇಲ್ಲ ಅಂತ ಯಾರೂ ಹೇಳಕ್ಕಾಗಲ್ಲ. ಕಡಿಮೆ ಮಾಡಬಹುದು. ಒಳಗೆ ರಕ್ತ ಉಳಿಯದಂಗೆ ಉಪ್ಪುನೀರಲ್ಲಿ ತೊಳೆದಿದೀನಿ. ನಾವು ಕೈಗೆ ಹಾಕೋ ರಬ್ಬರ್ ಗವಸಿನ ಪೌಡರ್ ಕರುಳಿಗೆ ತಾಗಿದ್ರೂ ಅಂಟುತ್ತೆ, ಅದಕ್ಕೇ ಗವಸನ್ನೂ ತೊಳೆದೇ ಕೈ ಹಾಕಿದ್ದು. ಇನ್ನು ಅವಳನ್ನ ಮಲಗಿಸಿಡಬೇಡಿ."

ಅಷ್ಟೂ ಮಾತಿನಲ್ಲಿ ಅವಳ ಅವ್ವನ ಕಿವಿಗೆ ಬಿದ್ದದ್ದು ಒಂದೇ. ಅವರು ಅತ್ತ ಹೋದದ್ದೇ ತಡ, "ಪೌಡರ್ ಅಂದ್ನಲ್ಲ, ಕೇಳಿಸ್ಕಂಡೆಯಾ? ಇವನ ಕೈಯಾಗೂ ಏನೋ ಪುಡಿ ಐತೆ" ಅಂದಳು. ಬಹಳ ದಿನಗಳ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. ಅನುಮಾನಕ್ಕೆ ಹೊಸ ಮನುಷ್ಯ ಸಿಕ್ಕಿದ್ದ.

ಮರುದಿನ ನರ್ಸ್ ಪಟ್ಟಿ ಬಿಚ್ಚಿದಾಗ ಆ ಅನುಮಾನ ಇನ್ನೂ ಗಟ್ಟಿಯಾಯಿತು. ಗಾಯದ ಮೇಲಿನ ಚರ್ಮ ಹೊಲಿದೇ ಇರಲಿಲ್ಲ. ಒದ್ದೆ ಬಟ್ಟೆ ತುರುಕಿಟ್ಟಿದ್ದರು. "ಹಳ್ಳಿಯೋರು ಅಂತ ಅರ್ಧಕ್ಕೆ ಬಿಟ್ಟವ್ನೆ!" ಎಂದು ಅವಳ ಅವ್ವ ವಾರ್ಡೆಲ್ಲ ಕೇಳುವ ಹಾಗೆ ಕೂಗಿದಳು. ಒಳಗಿನ ಪದರ ಭದ್ರವಾಗಿ ಹೊಲಿದಿದೆ, ಕೊಳೆತ ಕರುಳು ಮುಟ್ಟಿದ ಹೊಟ್ಟೆ ಇದು, ಈಗಲೇ ಚರ್ಮ ಮುಚ್ಚಿದರೆ ಕೀವು ಕೆಳಗೇ ಕೂತುಬಿಡುತ್ತದೆ, ನಾಲ್ಕಾರು ದಿನ ನೋಡಿ ಶುದ್ಧವಾಗಿದ್ದರೆ ಹೊಲಿಯುತ್ತೇವೆ ಅಂತ ನರ್ಸ್ ಹೇಳಿದರು. ನಾನು ನಂಬಿದೆನೋ ಇಲ್ಲವೋ, ಹೋದ ಸಲ ಕೀವು ಸೋರಿದ್ದು ನೆನಪಿತ್ತು. ನರ್ಸಿಗೆ ಪಟ್ಟಿ ಹಿಡಿದುಕೊಟ್ಟೆ.

ಆ ದಿನಗಳಲ್ಲಿ ಓರಗಿತ್ತಿಯ ಬಾಯಿಗೆ ಏನೂ ಕೊಡುವಂತಿರಲಿಲ್ಲ. ಮೂಗಿನಲ್ಲಿ ನಳಿಗೆ, ಕೈಗೆ ಗ್ಲೂಕೋಸ್ ಬಾಟಲಿ. ನಾನು ಕೊಡುವುದೂ ಇರಲಿಲ್ಲ, ಅವಳು ಹೆದರುವುದೂ ಇರಲಿಲ್ಲ. ಅದು ನಮ್ಮಿಬ್ಬರಿಗೂ ಒಂದು ಬಿಡುಗಡೆಯಂತೆಯೇ ಇತ್ತು. ಒದ್ದೆ ಬಟ್ಟೆಯಿಂದ ತುಟಿ ಒರೆಸಲು ಹೋದರೆ ಮಾತ್ರ ಬಾಯಿ ಬಿಗಿ ಹಿಡಿಯುತ್ತಿದ್ದಳು.

ಒಂದು ಬೆಳಗ್ಗೆ ನಾನು ಬಟ್ಟೆ ಒಗೆದುಕೊಂಡು ಬರುವಷ್ಟರಲ್ಲಿ ಅವಳ ಅವ್ವ ಮಗಳ ಪಟ್ಟಿಯ ಅಂಚು ಎತ್ತಿ ಏನೋ ತುರುಕಲು ನೋಡುತ್ತಿದ್ದಳು. ಸೆರಗಿನ ಗಂಟಿನಲ್ಲಿ ಬೂದಿ. ಓಡಿ ಹೋಗಿ ಕೈ ಹಿಡಿದುಕೊಂಡೆ.

"ಬಿಡೇ! ನನ್ ಮಗಳು ಬದುಕೋದು ನಿಂಗೆ ಬ್ಯಾಡ ಅಲ್ಲೇನೇ?"

"ಹೋದ ಸಲ ನೀನು ಹಾಕಿದ ಬೂದೀಗೆ ಏನಾಯ್ತು ದೊಡ್ಡವ್ವ? ಹೇಳು."

"ನೀನಿಕ್ಕಿದ್ದ ಅನ್ನಕ್ಕೆ ಆಗಿದ್ದು ಅದು!"

ಆ ಮಾತು ಅವಳು ನನ್ನ ಮುಖಕ್ಕೇ ಅಂದದ್ದು ಅದೇ ಮೊದಲು. ವಾರ್ಡಿನವರೆಲ್ಲ ಎದ್ದು ಕೂತರು. ನಾನು ಅವಳ ಮಣಿಕಟ್ಟು ಬಿಡಲಿಲ್ಲ. ಆಗ ಮಂಚದ ಮೇಲಿಂದ ಸಣ್ಣ ದನಿ ಬಂತು: "ಬ್ಯಾಡ ಬಿಡವ್ವ. ಅದನ್ನ ಹೊರಗೆ ಚೆಲ್ಲು."

ಅವಳ ಅವ್ವ ಸೆರಗು ಗಂಟು ಹಾಕಿಕೊಂಡು ವರಾಂಡಕ್ಕೆ ಹೋಗಿ ಅಳತೊಡಗಿದಳು.

ಓರಗಿತ್ತಿಯನ್ನು ಎಬ್ಬಿಸಿ ನಡೆದಾಡಿಸುವ ಕೆಲಸ ನನ್ನ ಮೇಲೆ ಬಿತ್ತು. ಮೊದಲ ಸಲ ಎದ್ದು ನಿಂತಾಗ, "ಹೊಟ್ಟೆ ಕಳಚಿ ಬೀಳ್ತೈತೆ ಅಕ್ಕ" ಅಂತ ನನ್ನ ಕುತ್ತಿಗೆಗೆ ಜೋತುಬಿದ್ದಳು. ಅಷ್ಟು ಹತ್ತಿರಕ್ಕೆ ಅವಳು ನನ್ನನ್ನು ಸೇರಿಸಿಕೊಂಡು ವರ್ಷವೇ ಆಗಿತ್ತು. ಹೊಟ್ಟೆಗೆ ದಿಂಬು ಒತ್ತಿಕೊಂಡು, ಬಾಟಲಿ ನಾನು ಎತ್ತಿ ಹಿಡಿದು, ಕೋಟೆಯ ಬಂಡೆಗಳು ಕಾಣುವ ಕಿಟಕಿಯವರೆಗೆ ಹೋಗಿ ಬರುತ್ತಿದ್ದೆವು. ನಡೆಯುತ್ತಾ ನಡೆಯುತ್ತಾ ಒಂದು ಸಂಜೆ ಅವಳಿಗೆ ಜೋರಾಗಿ ಗಾಳಿ ಹೋಯಿತು. ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ನರ್ಸ್ ಮಾತ್ರ ಕರುಳು ಮತ್ತೆ ಓಡ್ತಿದೆ ಅಂತ ಬಹುಮಾನ ಬಂದವರ ಹಾಗೆ ನಕ್ಕು, ನಳಿಗೆ ತೆಗೆಯಲು ಡಾಕ್ಟರನ್ನು ಕರೆಯಲು ಹೋದರು.

ಮರುದಿನ ಅವಳಿಗೆ ಕುಡಿಸಲು ತಿಳಿ ಗಂಜಿಯ ಲೋಟವನ್ನು ನನ್ನ ಕೈಗೆ ಕೊಟ್ಟರು. ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು.

"ನೀನೊಂದು ಗುಟುಕು ಕುಡಿ ಅಕ್ಕ" ಅಂದಳು.

ಬೇಸರವಾಗಲಿಲ್ಲ ಅಂದರೆ ಸುಳ್ಳಾದೀತು. ಆದರೂ ಕುಡಿದೆ. ಗಂಜಿ ನನ್ನ ಗಂಟಲಲ್ಲಿ ಇಳಿಯುವುದನ್ನೇ ಅವಳು ನೋಡುತ್ತಿದ್ದು, ಆಮೇಲೆ ಲೋಟ ಇಸಿದುಕೊಂಡು ತಳದವರೆಗೂ ಕುಡಿದಳು. "ಉಪ್ಪು ಸಾಲದು" ಅಂದಳು.

ಗಾಯ ಶುದ್ಧವಾಗಿತ್ತು. ಸರ್ಜನ್ ಹೇಳಿದಂತೆಯೇ ಚರ್ಮ ಹೊಲಿದರು, ಈ ಸಲ ಕೀವಾಗಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಊರಿಗೆ ಹೊರಟೆವು. ಹಿರಿಯೂರಿನ ಬಸ್‌ಸ್ಟಾಂಡಿನಲ್ಲಿ ಅವಳ ಅವ್ವ ತನ್ನೂರಿನ ಬಸ್ಸು ಹಿಡಿಯಲು ಹೊರಟಳು. "ನೋಡ್ಕಳವ್ವ" ಅಂತ ನನ್ನ ಕೈ ಹಿಡಿದಳು. ಆಮೇಲೆ ಮಗಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು; ನನಗೆ "ನಾಯಿ" ಅನ್ನುವುದೊಂದೇ ಕೇಳಿಸಿತು. ಮಗಳು ಗಾಯ ನೋಯುತ್ತದೆಂದು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏನಂದ್ಲೇ ನಿಮ್ಮವ್ವ?" ಅಂದೆ, ನಮ್ಮೂರ ಕಡೆಯ ಬಸ್ಸು ಹತ್ತಿದ ಮೇಲೆ.

"ಏನಿಲ್ಲ ಬಾರಕ್ಕ, ಕುಂತ್ಕ" ಅಂತ ಕಿಟಕಿಯ ಕಡೆ ಸರಿದು ಜಾಗ ಮಾಡಿಕೊಟ್ಟಳು. ಧರ್ಮಪುರ ಬರುವವರೆಗೂ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು.