ಏಟು ಬಿದ್ದದ್ದು ಕಾಣಬೇಕು

ಟೀವಿಯಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳ ಸೊಂಟ ಹಿಡಿದು ಎತ್ತಿ, ಹಿಂದಕ್ಕೆ ಬಾಗಿ, ತಲೆ ಮೊದಲು ನೆಲ ಮುಟ್ಟುವಂತೆ ಎಸೆದಳು. ಬಿದ್ದವಳ ಕತ್ತು ಮಡಿಚಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅನು ತನ್ನ ಮೊಸರನ್ನ ನುಂಗಿ, ನೋಟ್‌ಬುಕ್ ತೆರೆದು, ಐದಕ್ಕೆ ನಾಲ್ಕೂಕಾಲು ಸ್ಟಾರ್ ಎಂದು ಬರೆದಳು.

ನಾನು ಅಮೆರಿಕದ ಡೆಟ್ರಾಯಿಟ್ ಬಿಟ್ಟು ವೆಸ್ಟ್‌ಮಂಟ್ ಎಂಬ ಊರಿಗೆ ಬಂದ ಮೊದಲ ಶನಿವಾರ ಅದು. ಅನುವಿನ ತಾಯಿ ವಸುಧಾ ಆಂಟಿ ನನ್ನ ಅಮ್ಮನ ಗೆಳತಿ. ಇಲ್ಲೇ ಹುಟ್ಟಿ ಬೆಳೆದ ಅನು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ. ನನಗೆ ಕೊಟ್ಟದ್ದು ಬೇಸ್‌ಮೆಂಟ್, ಅಂದರೆ ಮನೆಯ ಕೆಳಗಿನ ನೆಲಮಾಳಿಗೆ. ದೊಡ್ಡ ಟೀವಿಯೂ ಅಲ್ಲೇ ಇದ್ದುದರಿಂದ ಜಪಾನಿನ ಹೆಂಗಸರ ಕುಸ್ತಿಯೂ ನನ್ನ ಪಾಲಿಗೆ ಬಂತು. ಡೆಟ್ರಾಯಿಟ್ ಪಕ್ಕದ ನನ್ನ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿದ್ದಾರೆ ಎಂದು ಎಲ್ಲರಿಗೂ ಹೇಳಿದ್ದೆ. ಅದು ಸುಳ್ಳು. ಡಿಸೆಂಬರಿನಲ್ಲಿ ನಮ್ಮ ವಿಭಾಗವನ್ನೇ ಮುಚ್ಚಿದ್ದರು. ಓದು ಮುಗಿಸಿದವರಿಗೆ ಇಲ್ಲಿ ಕೊಡುವ ಪರವಾನಗಿಯಲ್ಲಿ ಕೆಲಸವಿಲ್ಲದೆ ತೊಂಬತ್ತು ದಿನ ಇರಬಹುದು, ಆಮೇಲೆ ಹೊರಡಬೇಕು. ಆ ಶನಿವಾರ ಇಪ್ಪತ್ತಮೂರನೆಯ ದಿನ.

ಮೈಸೂರಿನಲ್ಲಿ ಭಯಕ್ಕೆ ಸದ್ದಿತ್ತು. ನಾಯಿ ಬೊಗಳುತ್ತಿತ್ತು, ಗೇಟು ಕಿರ್ರೆನ್ನುತ್ತಿತ್ತು, ಪಕ್ಕದ ಮನೆಯವರು ಯಾರದು ಎಂದು ಕೂಗುತ್ತಿದ್ದರು. ಇಲ್ಲಿಯ ಸಬ್‌ಡಿವಿಷನ್‌ನಲ್ಲಿ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮನೆಗಳ ಬಡಾವಣೆಯಲ್ಲಿ, ಭಯ ಸದ್ದಿಲ್ಲದೆ ಬರುತ್ತದೆ. ಬಾಗಿಲಿಗೆ ಮನೆ ಖಾಲಿ ಮಾಡಿ ಎಂಬ ಒಂದು ಕಾಗದ ಅಂಟುತ್ತದೆ. ವಾರ ಕಳೆದರೆ ಕಿಟಕಿಯ ಪರದೆ ಇರುವುದಿಲ್ಲ. ನನ್ನ ಕಿಟಕಿ ನೆಲದ ಮಟ್ಟಕ್ಕಿತ್ತು. ಹಿಮ ಬಿದ್ದ ಬೆಳಿಗ್ಗೆ ಅದು ಪೂರ್ತಿ ಮುಚ್ಚಿಹೋಗಿ, ನನ್ನನ್ನು ಯಾರೋ ಹೂತಿದ್ದಾರೆ ಎನಿಸುತ್ತಿತ್ತು.

ವಾದ ಮಾಡಿದರೆ ಭಯ ತಗ್ಗುತ್ತದೆ ಎಂಬುದು ನನ್ನ ಹಳೆಯ ನಂಬಿಕೆ. ಹಾಗಾಗಿ ಅನುವಿನೊಂದಿಗೆ ವಾದಕ್ಕಿಳಿದೆ. ನಮ್ಮೂರಿನ ಗರಡಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೋ, ಚಿತ್, ಕುಸ್ತಿ ಮುಗಿಯಿತು. ಇಲ್ಲಿ ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತು ಮಾಡಿಕೊಂಡಿರುತ್ತಾರೆ. ಗೊತ್ತಿರುವುದಕ್ಕೆ ಅಂಕ ಹೇಗೆ ಹಾಕುತ್ತೀಯ ಎಂದು ಕೇಳಿದೆ. ತಾಳಿ ಕಟ್ಟುತ್ತಾರೆಂದು ಗೊತ್ತಿದ್ದೂ ಮದುವೆ ಚೆನ್ನಾಗಾಯಿತು, ಆಗಲಿಲ್ಲ ಅಂತ ನೀವೆಲ್ಲ ಮಾತಾಡುವುದಿಲ್ಲವೇ ಎಂದು ತಿರುಗಿ ಕೇಳಿದಳು. ಒಂದು ಅಂಕ ಅವಳಿಗೆ.

ನಾನೂ ಅಂಕ ಹಾಕತೊಡಗಿದೆ, ನನಗೆ ಗೊತ್ತಿದ್ದ ರೀತಿಯಲ್ಲಿ. ಚರ್ಚಾಸ್ಪರ್ಧೆಯ ತೀರ್ಪುಗಾರರಂತೆ ಹಾಳೆಯಲ್ಲಿ ಗೆರೆ ಎಳೆದು ಇಬ್ಬರಿಗೂ ಬೇರೆ ಬೇರೆ ಅಂಕ. ಒದೆ ತಿಂದು ನರಳಿದವಳಿಗೆ ಕಡಿತ, ತಿಂದೂ ಮುಖ ಬದಲಿಸದವಳಿಗೆ ಹೆಚ್ಚು. ಶಾಲೆಯಲ್ಲಿ ನನ್ನನ್ನು ಚರ್ಚೆಗೆ ತಯಾರು ಮಾಡುತ್ತಿದ್ದ ಮೇಷ್ಟ್ರು ಕಲಿಸಿದ್ದೇ ಅದು: ಎದುರಾಳಿಯ ಮಾತು ನಾಟಿದರೂ ಮುಖದಲ್ಲಿ ಕಾಣಬಾರದು, ನೀರು ಕುಡಿದು ಮುಗುಳ್ನಗಬೇಕು. ಆ ನಗೆಯಿಂದ ನಾನು ಗೆದ್ದ ಢಾಲುಗಳು ಇನ್ನೂ ಅಮ್ಮನ ಶೋಕೇಸಿನಲ್ಲಿವೆ.

ಅನು ಹಾಳೆ ನೋಡಿ ನಕ್ಕುಬಿಟ್ಟಳು. "ಅಕ್ಕಾ, ಇದು ಪೂರಾ ಉಲ್ಟಾ. ಇಬ್ಬರಿಗೂ ಸೇರಿ ಒಂದೇ ಸ್ಕೋರ್."

ಏಟಿನ ನೋವನ್ನು ನೋಡುವವರಿಗೆ ಮುಟ್ಟಿಸುವುದಕ್ಕೆ ಇವರಲ್ಲಿ ಸೆಲ್ ಮಾಡುವುದು ಎನ್ನುತ್ತಾರಂತೆ. ಕಾಲಿಗೆ ಹತ್ತು ಒದೆ ತಿಂದವಳು ಆಮೇಲೆ ಕುಂಟದೆ ಓಡಿದರೆ ಒದ್ದವಳ ಕೆಲಸವೆಲ್ಲ ದಂಡ, ಇಬ್ಬರ ಅಂಕವೂ ಹೋಯಿತು. ಬೀಳುವವಳನ್ನು ನಂಬಿ ಎಸೆಯುತ್ತಾರೆ, ಎಸೆಯುವವಳನ್ನು ನಂಬಿ ಬೀಳುತ್ತಾರೆ. ಮೇಲಿಂದ ವಸುಧಾ ಆಂಟಿಯ ದನಿ ಬಂತು: "ಹೆಂಗಸರು ಹೊಡೆದಾಡೋದು ನೋಡ್ಬೇಕಂದ್ರೆ ಇಲ್ಲಿಗೇ ಬನ್ರೇ, ಪಾತ್ರೆ ಹಾಗೇ ಬಿದ್ದಿದೆ."

ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿ ಸಂಕ್ರಾಂತಿಗೆ ಕನ್ನಡದವರು ಸೇರಿದ್ದರು. ಅಲ್ಲಿ ಯಾರ ಕೆಲಸವೂ ಹೋಗಿರಲಿಲ್ಲ. ಒಬ್ಬ ಅಂಕಲ್ ಕನ್ಸಲ್ಟಿಂಗ್ ಶುರು ಮಾಡಿದ್ದರು, ಇನ್ನೊಬ್ಬರು ಬ್ರೇಕ್ ತೆಗೆದುಕೊಂಡಿದ್ದರು. ಎಳ್ಳುಬೆಲ್ಲದ ಪೊಟ್ಟಣ ಹಿಡಿದು ನಾನೂ ಮನೆಯಿಂದಲೇ ಕೆಲಸ ಎಂದೆ. ಇಡೀ ಹಾಲ್‌ನಲ್ಲಿ ಒಬ್ಬರೂ ಕುಂಟುತ್ತಿರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಡೆಟ್ರಾಯಿಟ್ ಹೊರವಲಯದಲ್ಲಿ ಜಪಾನಿನ ಇಬ್ಬರ ಪಂದ್ಯವಿತ್ತು. ಅನು ಡ್ರೈವ್ ಮಾಡಿದಳು, ಐದು ಗಂಟೆಯ ದಾರಿ. ಊರು ಸಮೀಪಿಸಿದಾಗ ನಿಮ್ಮ ಆಫೀಸ್ ಈ ಎಕ್ಸಿಟ್‌ನಲ್ಲೇ ಅಲ್ಲವೇ, ನೋಡೋಣ ಎಂದು ತಿರುಗಿಸಿಯೇಬಿಟ್ಟಳು. ಭಾನುವಾರ, ಯಾರೂ ಇರುವುದಿಲ್ಲ ಎಂದೆ. ನಿಜ, ಯಾರೂ ಇರಲಿಲ್ಲ. ಆದರೆ ಪಾರ್ಕಿಂಗ್ ಲಾಟ್‌ನಲ್ಲಿ ಮೊಣಕಾಲುದ್ದ ಹಿಮ ಗಟ್ಟಿಯಾಗಿ ನಿಂತಿತ್ತು. ವಾರಗಳಿಂದ ಒಂದು ಚಕ್ರವೂ ಅದರ ಮೇಲೆ ಉರುಳಿರಲಿಲ್ಲ. ಅನು ಗಾಡಿ ಹಿಂದಕ್ಕೆ ತೆಗೆದಳು. ನಾನು ನೀರು ಕುಡಿದು ಮುಗುಳ್ನಕ್ಕೆ.

ಪಂದ್ಯ ನಡೆದದ್ದು ಮದುವೆಗೆ ಬಾಡಿಗೆ ಕೊಡುವಂಥ ಒಂದು ಹಾಲ್‌ನಲ್ಲಿ. ಕಪ್ಪು ಉಡುಪಿನ ಹಿರಿಯಳು ಹಳದಿ ಉಡುಪಿನ ಕಿರಿಯಳ ಎದೆಗೆ ಅಂಗೈಯಿಂದ ಬಾರಿಸಿದಾಗ ಒಗೆಯುವ ಕಲ್ಲಿಗೆ ಒದ್ದೆ ಸೀರೆ ಬಡಿದಂತೆ ಸದ್ದಾಯಿತು. ಕಿರಿಯಳು ಉಸಿರಿಗೆ ಒದ್ದಾಡಿದ್ದು ಕಂಡು ನನ್ನ ಎದೆಯೂ ಹಿಡಿದುಕೊಂಡಿತು. ಆಮೇಲೆ ಅವಳು ಕಣದ ಸುತ್ತಿನ ಹಗ್ಗದ ಮೇಲಿಂದ ಹಾರಿದಳು. ಎಡಗೈ ಮೈಯಡಿ ಸಿಕ್ಕಿಕೊಂಡಿತು. ತಕ್ಷಣ ಎದ್ದಳು, ಸಣ್ಣಗೆ ನಕ್ಕಳು ಕೂಡ.

ಸೆಲ್ ಮಾಡಲಿಲ್ಲ, ಅರ್ಧ ಸ್ಟಾರ್ ಕಡಿತ ಎಂದೆ.

ಅನುವಿನ ಮುಖ ಬಿಳಿಚಿತ್ತು. "ಇಲ್ಲ ಅಕ್ಕಾ. ಅದು ನಿಜ."

ಹಿರಿಯಳಿಗೂ ಗೊತ್ತಾಗಿತ್ತು. ಕಿರಿಯಳ ತಲೆಯನ್ನು ಕಂಕುಳಲ್ಲಿ ಹಿಡಿದು, ಹಿಂಡುವಂತೆ ನಟಿಸುತ್ತ, ಕಿವಿಯಲ್ಲಿ ಏನೋ ಕೇಳಿದಳು. ಅಲ್ಲಿಂದಾಚೆ ಆ ಕೈಯನ್ನು ಮುಟ್ಟಲೇ ಇಲ್ಲ. ಎರಡು ನಿಮಿಷದಲ್ಲಿ ಮೃದುವಾಗಿ ಮಲಗಿಸಿ, ಮೂರು ಎಣಿಸುವವರೆಗೆ ಅದುಮಿ, ಮುಗಿಸಿದಳು. ಜನ ಚಪ್ಪಾಳೆ ತಟ್ಟಿದರು. ಸುಳ್ಳು ನೋವನ್ನು ಅಷ್ಟು ಚೆನ್ನಾಗಿ ತೋರಿಸಿದವಳು ನಿಜವಾದದ್ದನ್ನು ನಗೆಯಲ್ಲಿ ಬಚ್ಚಿಟ್ಟಿದ್ದಳು. ಆ ನಗೆ ನನಗೆ ಗುರುತಿನದು.

ಹಿಂದಿರುಗುವಾಗ ಮಿಷಿಗನ್ ರಾಜ್ಯ ದಾಟಿದ ಮೇಲೆ ಅನು ಮಾತು ತೆಗೆದಳು.

"ಅಕ್ಕಾ, ಆ ಸ್ನೋ ಯಾರೂ ತೆಗ್ದಿರ್ಲಿಲ್ಲ."

"ಹೌದು."

"ಎಷ್ಟ್ ದಿನ ಆಯ್ತು?"

"ಐವತ್ತೊಂಬತ್ತು."

ಅವಳು ಅಯ್ಯೋ ಎನ್ನಲಿಲ್ಲ. ಎಪ್ಪತ್ತೈದು ಮೈಲಿಯಿಂದ ಅರವತ್ತಕ್ಕೆ ಇಳಿಸಿ, ಬಲಗಡೆಯ ಲೇನ್‌ಗೆ ಸರಿದು, ಎಲ್ಲೆಲ್ಲಿ ಅಪ್ಲೈ ಮಾಡಿದೀರಾ ಎಂದಷ್ಟೇ ಕೇಳಿದಳು. ಪಟ್ಟಿ ಹೇಳತೊಡಗಿದೆ. ನಡುವೆಯೇ ಅತ್ತುಬಿಟ್ಟೆ. ಅಮೆರಿಕದಲ್ಲಿ ಅದೇ ಮೊದಲ ಸಲ.

ಮುಂದಿನ ಭಾನುವಾರ ಬೆಳಿಗ್ಗೆ ಮೈಸೂರಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಗಾಬರಿಯಾಗಲಿಲ್ಲ.

"ಜನವರಿಯಿಂದ ನೀನು ಮ್ಯಾನೇಜರ್‌ನ ಬೈದೇ ಇಲ್ವಲ್ಲೇ. ಆಗ್ಲೇ ಅಂದ್ಕೊಂಡೆ."

ಯಾಕೆ ಕೇಳಲಿಲ್ಲ ಎಂದೆ.

"ಕೇಳಿದ್ರೆ ವಾದ ಮಾಡಿ ಗೆದ್ಬಿಡ್ತೀಯ."

ಬಂದುಬಿಡಲೇ ಎಂದು ಕೇಳಿದೆ. ಆ ಕಡೆ ಟೀವಿಯ ಸದ್ದು ನಿಂತಿತು. "ಬಾ ಅನ್ನೋಕೂ ಭಯ ಆಗತ್ತೆ ಕಣೇ, ಇರು ಅನ್ನೋಕೂ ಭಯ ಆಗತ್ತೆ," ಎಂದಳು ಅಮ್ಮ. ಆಂಟಿಗೂ ಅವತ್ತೇ ಹೇಳಿದೆ. ಅವರು ಹುಳಿಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ, ಅನುವಿನ ಅಪ್ಪನ ಆಫೀಸಿನಲ್ಲೂ ಕೆಲಸದಿಂದ ತೆಗೆಯುವವರ ಪಟ್ಟಿ ಮಾಡುತ್ತಿದ್ದಾರಂತೆ ಎಂದು ಮೆಲ್ಲಗೆ ಹೇಳಿದರು.

ಬಂದಾಗಿನಿಂದ ಮೈಸೂರಿಗೊಂದು, ಇಲ್ಲಿಗೊಂದು ಹಾಳೆ ಮಾಡಿ ಮನಸ್ಸಿನಲ್ಲೇ ಅಂಕ ಹಾಕುತ್ತಿದ್ದೆ. ಸ್ಪರ್ಧೆಯಲ್ಲಾದರೆ ಚೀಟಿ ಎತ್ತಿ ಪರವೋ ವಿರೋಧವೋ ಎಂದು ಅವರೇ ಹೇಳುತ್ತಿದ್ದರು. ಸಿಕ್ಕ ಪಕ್ಷಕ್ಕೆ ವಾದಿಸಿದರೆ ಸಾಕಿತ್ತು. ಈಗ ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂದೇ ತಿಳಿಯುತ್ತಿಲ್ಲ. ಆ ಪಂದ್ಯದ ಪುಟವನ್ನೂ ಅನು ಇನ್ನೂ ಖಾಲಿ ಬಿಟ್ಟಿದ್ದಾಳೆ.

ಇವತ್ತು ಎಪ್ಪತ್ತನಾಲ್ಕನೆಯ ದಿನ. ಕಿಟಕಿಯ ಹಿಮ ಅರ್ಧ ಕರಗಿದೆ. ಫೋನ್ ಮೇಜಿನ ಮೇಲಿದೆ. ಅದು ರಿಂಗಾದರೆ, ಇಲ್ಲಿಯ ನಂಬರೋ ಅಲ್ಲಿಯದೋ ಎಂದು ನೋಡುವ ಮೊದಲೇ ನನ್ನ ಕೈ ನಡುಗುತ್ತದೆ. ಅದನ್ನು ಈಗ ಯಾರಿಂದಲೂ ಬಚ್ಚಿಡುವುದಿಲ್ಲ.